ಐನ್‌ಮನೆಯ (ಕೊಡವರ ಕುಟುಂಬದ ಮೂಲ ಮನೆ) ಅಟ್ಟದಲ್ಲಿ ಸಿಕ್ಕ ಹಳೆಯ ಕತ್ತಿ ಎಲ್ಲಿಯದು, ಎಷ್ಟು ಹಳೆಯದು?

ಮೊದಲು ಒಂದು ಮಾತು. ದಯವಿಟ್ಟು ಆ ಕತ್ತಿಯನ್ನು ಇನ್ನು ಉಜ್ಜಬೇಡಿ. ಹುಣಸೆಹಣ್ಣು, ಬೂದಿ, ಮರಳುಕಾಗದ ಯಾವುದೂ ಬೇಡ.

ನಮ್ಮ ಮನೆಯ ಒಡಿಕತ್ತಿಯ, ಅಂದರೆ ಕೊಡವರ ಯುದ್ಧಕತ್ತಿಯ, ಅಲಗಿನ ಮೇಲೆ ಬೆಳ್ಳಿಯಲ್ಲಿ ಕೂರಿಸಿದ ಒಂದು ಅಕ್ಷರ ಇತ್ತು. ಅಜ್ಜ ನನ್ನ ಬೆರಳು ಹಿಡಿದು ಅದರ ಮೇಲೆ ಆಡಿಸುತ್ತಿದ್ದರು. ಒಂದು ವರ್ಷ ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಹೊಳೆಯಲಿ ಅಂತ ನಾನೇ ವರ್ಕ್‌ಶಾಪಿಗೆ ಕೊಟ್ಟು ಚಕ್ರಕ್ಕೆ ಹಿಡಿಸಿದೆ. ಕತ್ತಿ ಹೊಳೆಯಿತು, ಅಕ್ಷರ ಹೋಯಿತು. ಅದು ಯಾವ ಅಕ್ಷರ ಅಂತ ಕೇಳಲು ಈಗ ಅಜ್ಜನೂ ಇಲ್ಲ. ಇವತ್ತಿಗೂ ಆ ಜಾಗ ಮುಟ್ಟಿದರೆ ಹೊಟ್ಟೆ ಉರಿಯುತ್ತದೆ.

ಈಗ ನಿಮ್ಮ ಕತ್ತಿಗೆ ಬರೋಣ. ವಿರಾಜಪೇಟೆ ಹತ್ತಿರದ ಐನ್‌ಮನೆಯ ಅಟ್ಟ ಬಿಚ್ಚುವಾಗ ಸಿಕ್ಕಿತು ಅಂದಿದ್ದೀರಿ. ಅಲಗು ಬಾಗಿದೆ, ಹಿಡಿ ಕಬ್ಬಿಣದ್ದು, ಹಿಡಿಯ ತುದಿಗೆ ದುಂಡು ತಟ್ಟೆ. ಅಲಗಿನ ಮೇಲೆ ಎದುರುಬದುರು ಎರಡು ಅರ್ಧಚಂದ್ರ, ಅವುಗಳ ಅಂಚಿಗೆ ಹಲ್ಲು ಹಲ್ಲು ಗೀರು. ಅಂಗಡಿಯವರು ಟಿಪ್ಪು ಕಾಲದ್ದು ಅಂದು ಬೆಲೆಯನ್ನೂ ಹೇಳಿದ್ದಾರೆ.

ಅದು ತಲ್ವಾರ್. ಕೊಡಗಿನ ಮನೆಯಲ್ಲಿ ಸಿಕ್ಕಿದ್ದಕ್ಕೆ ಕೊಡಗಿನ ಕತ್ತಿ ಆಗಲ್ಲ. ನಮ್ಮ ಒಡಿಕತ್ತಿ ಗಿಡ್ಡ, ಅಗಲ, ಮುಂದಕ್ಕೆ ಬಾಗಿದ್ದು. ಅದರ ಬಾಯಿ, ಅಂದರೆ ಹರಿತವಾದ ಅಂಚು, ಬಾಗಿನ ಒಳಗಡೆ ಇರುತ್ತದೆ, ಕುಡುಗೋಲಿನ ಹಾಗೆ. ಅದನ್ನು ಒರೆಯಲ್ಲಿ ಇಡಲ್ಲ, ಬೆನ್ನ ಹಿಂದೆ ತೊಡಂಗ್ ಅನ್ನುವ ಲೋಹದ ಕೊಂಡಿಗೆ ಸಿಕ್ಕಿಸುತ್ತಾರೆ. ಚೇಲೆಗೆ (ಸೊಂಟದ ಪಟ್ಟಿ) ಮುಂದೆ ಸಿಕ್ಕಿಸುವ ಚಿಕ್ಕ ಬಾಕು ಪೀಚೆಕತ್ತಿಯಂತೂ ಬೇರೆಯೇ. ತಲ್ವಾರಿನ ಬಾಯಿ ಬಾಗಿನ ಹೊರಗಡೆ. ಮೊಗಲರ ಕಾಲದಲ್ಲಿ ಉತ್ತರದಿಂದ ದಖ್ಖನ್‌ವರೆಗೂ ಹಬ್ಬಿದ ಆಕಾರ ಅದು.

ಹಾಗಾದರೆ ಟಿಪ್ಪು ಕಾಲದ್ದಾ? ಆಗಿರಲೂಬಹುದು. ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1788ರಲ್ಲಿ ಟಿಪ್ಪುವಿನ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಮೇಲೆ ಮೈಸೂರಿನ ಮೇಲೆ ಎಷ್ಟು ಹೋರಾಟ ಆಯಿತು ಅಂತ ನಿಮಗೂ ಗೊತ್ತು. ಮೈಸೂರಿನವರ ಕತ್ತಿಗಳು ನಮ್ಮ ಮನೆಗಳಿಗೆ ಬರಲು ದಾರಿ ಇತ್ತು. ಆದರೆ ದಾರಿ ಇತ್ತು ಅನ್ನುವುದು ಸಾಕ್ಷಿ ಅಲ್ಲ ಅಲ್ವಾ? ಟಿಪ್ಪುವಿನ ಗುರುತಾದ ಹುಲಿಪಟ್ಟೆ ಕೆತ್ತನೆ ಇದ್ದರೆ ಬೇರೆ ಮಾತು. ಅದನ್ನೂ ಆಮೇಲೆ ನಕಲು ಮಾಡಿದವರು ಜಾಸ್ತಿ. ನಿಮ್ಮ ಫೋಟೋದಲ್ಲಿ ಅದು ಕಾಣುತ್ತಿಲ್ಲ.

ಆ ಅರ್ಧಚಂದ್ರದ ಗುರುತು ನೋಡಿ ಇಟಲಿಯ ಅಲಗು ಅಂತ ಯಾರಾದರೂ ಹೇಳಿಯಾರು. ಅದು ಇಟಲಿಯ ಜಿನೋವಾದ ಹೆಸರಿಗೆ ಅಂಟಿಕೊಂಡ ಗುರುತು, ನಿಜ. ಆದರೆ ಒಳ್ಳೆ ಅಲಗಿನ ಗುರುತು ಅಂತ ಹೆಸರಾದ ಮೇಲೆ ಯುರೋಪಿನ ಬೇರೆ ಊರಿನವರೂ ಹಾಕಿದರು, ನಮ್ಮ ದೇಶದ ಕಮ್ಮಾರರೂ ಹಾಕಿದರು. ಹೊರಗಿನ ಅಲಗಿಗೆ ಇಲ್ಲಿಯ ಹಿಡಿ ಹಾಕಿದ ಕತ್ತಿಗೆ ಫಿರಂಗಿ ಅನ್ನುತ್ತಿದ್ದರು. ನಿಮ್ಮದು ಹಾಗಿರಲಾರದು. ಹಿಡಿಯ ಪಕ್ಕ ಎರಡು ಬೆರಳಿನಷ್ಟು ಜಾಗಕ್ಕೆ ಬಾಯಿ ತೆಗೆದಿಲ್ಲ, ಮೊಂಡಾಗಿಯೇ ಬಿಟ್ಟಿದ್ದಾರೆ. ಅದು ಇಲ್ಲಿಯ ಕಮ್ಮಾರರ ಕೆಲಸ.

ಜನ ಮರೆಯುವುದು ಒಂದಿದೆ. ಹಿಡಿ ಬೇರೆ, ಅಲಗು ಬೇರೆ. ಅಲಗಿನ ಬಾಲವನ್ನು ಟೊಳ್ಳು ಹಿಡಿಯೊಳಗೆ ತೂರಿಸಿ ಅರಗಿನಂಥ ಅಂಟು ಕಾಯಿಸಿ ಸುರಿಯುತ್ತಿದ್ದರು. ಬಿಸಿ ಮಾಡಿದರೆ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಅಜ್ಜನ ಅಲಗಿಗೆ ಮೊಮ್ಮಗ ಹೊಸ ಹಿಡಿ ಹಾಕಿಸುವುದು ಮಾಮೂಲು. ಎರಡರ ವಯಸ್ಸನ್ನೂ ಬೇರೆ ಬೇರೆ ಕೇಳಬೇಕು. ಸಂದಿಯಲ್ಲಿ ಕಪ್ಪು ಅಂಟು ಕಂಡರೆ ಒಳ್ಳೆಯದು, ಬೆಸುಗೆಯೋ ನಟ್ಟೋ ಕಂಡರೆ ಅನುಮಾನ ಪಡಿ.

ಅಲಗಿನ ಬೆನ್ನಿನ ದಪ್ಪವನ್ನು ಹಿಡಿಯ ಹತ್ತಿರ, ನಡುವೆ, ಮೊನೆಯ ಹತ್ತಿರ ಅಳೆದು ನನಗೆ ತಿಳಿಸಿ. ಬಡಿದು ಮಾಡಿದ ಒಳ್ಳೆ ಅಲಗು ಮೊನೆಗೆ ಹೋದಂತೆ ತೆಳ್ಳಗಾಗುತ್ತದೆ. ಪ್ರವಾಸಿಗರಿಗೆ ಮಾರುವ ಹೊಸ ಕತ್ತಿ ತಗಡಿನಿಂದ ಕತ್ತರಿಸಿದ್ದು, ದಪ್ಪ ಉದ್ದಕ್ಕೂ ಒಂದೇ. ಅರಬ್ಬಿ ಅಂಕಿ ಇದ್ದರೆ ಅದು ಹಿಜರಿ ವರ್ಷ ಇರಬಹುದು. ಹಿಜರಿ 1200 ಅಂದರೆ ನಮ್ಮ 1785-86.

ತುಕ್ಕಿನ ಕೆಳಗೆ ನೀರಿನ ಅಲೆಯ ಹಾಗೆ ಗೆರೆ ಇದ್ದರೆ ಅದು ಮೂಸೆಯಲ್ಲಿ ಕಾಯಿಸಿದ ಹಳೇ ಕಾಲದ ಉಕ್ಕು. ಇಂಗ್ಲಿಷಿನವರು ವೂಟ್ಜ್ ಅನ್ನುವುದು ನಮ್ಮ ಈ ಮಾತನ್ನೇ. ಮೈಸೂರು ಸೀಮೆಯಲ್ಲಿ ಮಣ್ಣಿನ ಮೂಸೆಯಲ್ಲಿ ಅದನ್ನು ಕಾಯಿಸುವುದನ್ನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ತಿರುಗಾಡಿ ನೋಡಿ ಬರೆದಿದ್ದಾನೆ. ಆ ಗೆರೆ ನೋಡಲು ಮನೆಯಲ್ಲಿ ಆಸಿಡ್ ಹಚ್ಚಬೇಡಿ.

ಫೋಟೋ ನೋಡಿ ನನ್ನ ಅಂದಾಜು: 18 ಅಥವಾ 19ನೇ ಶತಮಾನದ ತಲ್ವಾರ್, ಅಲಗು ಇಲ್ಲಿಯದೇ. ಇನ್ನೂ ಖಚಿತ ಬೇಕಾದರೆ ಮಡಿಕೇರಿ ಕೋಟೆಯ ಹಳೇ ಚರ್ಚಿನಲ್ಲಿರುವ ಮ್ಯೂಸಿಯಮ್ಮಿಗೆ ಫೋಟೋ, ಅಳತೆ ತೆಗೆದುಕೊಂಡು ಹೋಗಿ. ಅಲ್ಲಿಯವರೆಗೆ ಮಾರಬೇಡಿ. 100 ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ.

ಸದ್ಯಕ್ಕೆ ಹತ್ತಿಬಟ್ಟೆಗೆ ಹೊಲಿಗೆ ಮಿಷಿನ್ ಎಣ್ಣೆ ಹಚ್ಚಿ ಮೆಲ್ಲಗೆ ಒರೆಸಿ. ಚರ್ಮದ ಒರೆ ಇದ್ದರೆ ಅದರಿಂದ ಹೊರಗಿಡಿ, ನಮ್ಮ ಮಳೆಗಾಲದಲ್ಲಿ ಚರ್ಮ ನೀರು ಹೀರುತ್ತದೆ. ಕೈಲ್‌ಪೊಳ್ದ್‌ಗೆ ತೋಕ್ ಪೂ (ಆ ಹಬ್ಬಕ್ಕೆ ಆಯುಧಗಳಿಗೆ ಮುಡಿಸುವ ಹೂ) ಸಿಕ್ಕಿಸಿ ದೀಪದ ಮುಂದೆ ಖಂಡಿತ ಇಡಿ. ಗಂಧವನ್ನು ಮಾತ್ರ ಅದೇ ಸಂಜೆ ಒರೆಸಿ ಎಣ್ಣೆ ಹಚ್ಚಿ.