ಖಾತರಿಯಿಲ್ಲದ ಕೊಡುಗೆ

ಸಂಬಳದ ಕೆಲಸದಿಂದಲ್ಲ, ನಾಲ್ಕು ಜನಕ್ಕೆ ಉಪಕಾರವಾಗಲೆಂದು ಬಿಡುವಿನಲ್ಲಿ ಮಾಡಿಟ್ಟ ಕೆಲಸದಿಂದಲೇ ನಿದ್ದೆಗೆಟ್ಟು ಆಪ್ತಸಮಾಲೋಚನೆಗೆಂದು ನನ್ನ ಬಳಿ ಬರುವ ಸಾಫ್ಟ್‌ವೇರ್ ವೃತ್ತಿಯವರನ್ನು ನಾನು ಮತ್ತೆ ಮತ್ತೆ ಕಾಣುತ್ತಿದ್ದೇನೆ. ಅಂಥ ಒಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನ ಆ ಎಂಜಿನಿಯರ್, ಪ್ರೋಗ್ರಾಂಗಳು ಸರ್ವರ್‌ಗೆ (ಜಾಲದಲ್ಲಿ ಮಾಹಿತಿ ಒದಗಿಸುವ ಕಂಪ್ಯೂಟರಿಗೆ) ಕೋರಿಕೆ ಕಳಿಸಿ ಉತ್ತರ ತರಿಸಿಕೊಳ್ಳಲು ಬಳಸುವ ಸಿದ್ಧ ಕೋಡ್, ಅಂದರೆ ಎಲ್ಲರಿಗೂ ಮುಕ್ತವಾದ ಓಪನ್ ಸೋರ್ಸ್ ಎಚ್‌ಟಿಟಿಪಿ ಕ್ಲೈಂಟ್ ಲೈಬ್ರರಿಯೊಂದನ್ನು ಒಂಬತ್ತು ವರ್ಷಗಳಿಂದ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಊಟಕ್ಕೆ ಕುಳಿತಾಗಲೂ ಅವರ ಕಣ್ಣು ಫೋನಿನ ಮೇಲೆಯೇ ಇರುತ್ತದೆಂದು ಪತ್ನಿ ಹೇಳಿದ್ದರು.

ಮೂರನೆಯ ಭೇಟಿಯಲ್ಲಿ, ನಿಮ್ಮನ್ನು ಕಾಡುವ ಭಯ ಯಾವುದೆಂದು ಕೇಳಿದೆ. ಅವರು ನನ್ನ ಮೇಜಿನ ಮೇಲಿದ್ದ ಹಾಳೆಯಲ್ಲಿ ಎರಡು ಚೌಕ ಬರೆದು ನಡುವೆ ಬಾಣ ಎಳೆದರು. ಬಳಕೆದಾರರ ಗುರುತಿನ ಟೋಕನ್ ಹೊತ್ತ ಕೋರಿಕೆಗೆ ಸರ್ವರ್ ‘302’, ಅಂದರೆ ಬೇರೆಡೆ ಹೋಗಿ ಎಂದು ಉತ್ತರಿಸಿ ಬೇರೊಂದು ಸರ್ವರಿನ ವಿಳಾಸ ತೋರಿಸಿದಾಗ, ಲೈಬ್ರರಿ ಆ ಟೋಕನನ್ನು ತೆಗೆದಿಟ್ಟು ಮುಂದೆ ಹೋಗಬೇಕು. ತೆಗೆಯದಿದ್ದರೆ ಅದು ಅಪರಿಚಿತರ ಕೈ ಸೇರಬಹುದು. 2018ರಲ್ಲಿ ಕರ್ಲ್ ಮತ್ತು ರಿಕ್ವೆಸ್ಟ್ಸ್‌ನಂಥ ಹೆಸರಾಂತ ಸಾಧನಗಳಲ್ಲೂ ಇದೇ ಜಾತಿಯ ದೋಷಗಳನ್ನು ಸರಿಪಡಿಸಲಾಗಿತ್ತು. ಇವರ ಲೈಬ್ರರಿಯಲ್ಲಿ ಅಂಥದ್ದೇ ದೋಷವಿದೆಯೆಂದು ತಿಳಿಸಿದ ಪತ್ರವೊಂದು, ಹೊಸ ಸೌಲಭ್ಯ ಕೇಳುವವರ ಪತ್ರಗಳ ರಾಶಿಯಲ್ಲಿ ಹನ್ನೊಂದು ದಿನ ಕಣ್ಣಿಗೆ ಬೀಳದೆ ಉಳಿದಿತ್ತು.

ಲೈಬ್ರರಿಯನ್ನು ಬಳಸುವವರಿಗೆ ಷರತ್ತು ಹೇಳುವ ಲೈಸೆನ್ಸಿನಲ್ಲಿ ಏನು ಬರೆದಿದೆ, ಓದಿ ಎಂದೆ. ಎಂಐಟಿ ಲೈಸೆನ್ಸಿನ ಆ ಸಾಲುಗಳನ್ನು ಅವರು ನಿಧಾನವಾಗಿ ಓದಿ ಅರ್ಥ ಹೇಳಿದರು: ಇದ್ದದ್ದು ಇದ್ದ ಹಾಗೆ, ಯಾವ ಬಗೆಯ ಖಾತರಿಯೂ ಇಲ್ಲದೆ. ಭಾರ ಇಳಿಯಬಹುದೆಂದು ನಾನು ಎಣಿಸಿದ್ದೆ. ಅವರು ಹಾಳೆಯನ್ನು ಮಡಚುತ್ತ, “ಇದು ಕೋರ್ಟಿಗೆ ಸಾಕು ಮೇಡಂ, ನನಗೆ ಸಾಲದು” ಎಂದರು.

ನಾನು ತಪ್ಪು ದಾರಿ ಹಿಡಿದಿದ್ದೆನೆಂದು ಆಗ ತಿಳಿಯಿತು. ಅವರ ಹೊಣೆಗಾರಿಕೆ ರೋಗವಲ್ಲ. ಅದಕ್ಕೆ ಎಲ್ಲೆಯಿಲ್ಲದಿದ್ದುದೇ ರೋಗವಾಗಿತ್ತು. ಆದ್ದರಿಂದ ಭದ್ರತಾ ದೋಷಗಳಿಗೆ ಮಾತ್ರ ಬೇರೊಂದು ವಿಳಾಸವಿಟ್ಟು, ಅದನ್ನು ದಿನಕ್ಕೊಮ್ಮೆ ಗೊತ್ತಾದ ಹೊತ್ತಿನಲ್ಲಿ ನೋಡಬೇಕು, ಉಳಿದದ್ದನ್ನು ಶನಿವಾರ ಬೆಳಗ್ಗೆ ಎರಡು ಗಂಟೆ ಕಾಲ ಮಾತ್ರ ನೋಡಬೇಕು, ಹೊಸ ಸೌಲಭ್ಯ ಸದ್ಯಕ್ಕಿಲ್ಲವೆಂದು ಮುಖಪುಟದಲ್ಲೇ ಬರೆಯಬೇಕು ಎಂದು ಸೂಚಿಸಿದೆ. ಜೊತೆಗೊಬ್ಬರನ್ನು ಹುಡುಕಿ, ಆದರೆ ದಣಿವಿನ ಭರದಲ್ಲಿ ಬೀಗದ ಕೈ ಒಪ್ಪಿಸಬೇಡಿ ಎಂದೂ ಹೇಳಿದೆ. ಕಡತಗಳ ಗಾತ್ರ ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಓಪನ್ ಸೋರ್ಸ್ ಸಾಧನದ ನಿರ್ವಾಹಕರು ತಮ್ಮ ಮಾನಸಿಕ ಆರೋಗ್ಯದ ತೊಂದರೆಯನ್ನು 2022ರಲ್ಲಿ ಬಹಿರಂಗವಾಗಿ ಹೇಳಿಕೊಂಡಿದ್ದಾಗಲೂ ಒತ್ತಡ ನಿಲ್ಲಲಿಲ್ಲ. ನೆರವಿಗೆಂದು ಬಂದು ವಿಶ್ವಾಸ ಗಳಿಸಿದ ವ್ಯಕ್ತಿಯ ಹೆಸರಿನಲ್ಲೇ ಸೇರಿದ್ದ ಹಿಂಬಾಗಿಲು, ಅಂದರೆ ಗುಟ್ಟಾಗಿ ಒಳನುಗ್ಗುವ ದಾರಿ, 2024ರ ಮಾರ್ಚ್‌ನಲ್ಲಿ ಪತ್ತೆಯಾಯಿತು.

ಇಷ್ಟು ಬಳಲಿದವರಿಗೆ ಬಿಟ್ಟುಬಿಡಿ ಎನ್ನಬೇಕಿತ್ತೆಂದು ಸಹೋದ್ಯೋಗಿಗಳು ಆಕ್ಷೇಪಿಸಿದರು. ಬಿಡುವುದು ತಪ್ಪಲ್ಲ, ಜಾವಾಸ್ಕ್ರಿಪ್ಟಿನ ‘ರಿಕ್ವೆಸ್ಟ್’ ಲೈಬ್ರರಿಯನ್ನು 2020ರಲ್ಲಿ ಹಾಗೆಯೇ ತಿಳಿಸಿ ನಿಲ್ಲಿಸಲಾಯಿತು, ಆ ದಾರಿಯೂ ಇದೆಯೆಂದು ಆ ಎಂಜಿನಿಯರ್‌ಗೆ ಹೇಳಿದ್ದೆ. ಆದರೆ ಹನ್ನೊಂದು ದಿನದ ಅಪರಾಧಭಾವ ಹೊತ್ತವರು ಆ ಸ್ಥಿತಿಯಲ್ಲೇ ಬಿಟ್ಟುಹೋದರೆ ಅದನ್ನು ತಪ್ಪಿಸಿಕೊಂಡು ಓಡಿದಂತೆಂದೇ ಭಾವಿಸುತ್ತಾರೆ. ಮೊದಲು ನಿದ್ದೆ ಬರಲಿ, ನಿರ್ಧಾರ ಆಮೇಲೆ ಎಂಬ ನನ್ನ ನಿಲುವನ್ನು ಈಗಲೂ ಬದಲಿಸಲಾರೆ.

ಸೂಚನೆ ಹಾಕಿದ ವಾರವೇ, ಇದನ್ನು ನಂಬಿ ಕೆಟ್ಟೆವೆಂದು ಒಬ್ಬರು ಕಟುವಾಗಿ ಬರೆದರು. ಅಂದು ಮಂಗಳವಾರ. ಎಂಜಿನಿಯರ್ ಅದನ್ನು ಒಮ್ಮೆ ಓದಿ, ಶನಿವಾರಕ್ಕೆಂದು ಬಿಟ್ಟು, ಮಗಳ ಪಕ್ಕದಲ್ಲಿ ಊಟಕ್ಕೆ ಕುಳಿತರಂತೆ.