ಗೋಡೌನ್ ಕಂತಿನ ಬಗ್ಗೆ: ಕೊನೆ ಬದಲಿಸಬೇಡ ತಮ್ಮಾ

ತಮ್ಮಾ, ನಮ್ಮ ಗುಂಪಿನಲ್ಲಿ ನೀನು ಹಾಕುತ್ತಿರುವ ಪತ್ತೇದಾರಿ ಚಿತ್ರಕಥೆಯ ಭಾನುವಾರದ ಕಂತು ನೋಡಿದೆ. ಅದರ ಕೆಳಗೆ ಎಲ್ಲರೂ ಬರೆದದ್ದನ್ನೂ ಓದಿದೆ. ನೀನು ಕೇಳಿದ್ದು ಮೂರು ಪ್ರಶ್ನೆ. ಕಳ್ಳ ಯಾರು ಅಂತ ಕೆಲವರು ಊಹಿಸಿಬಿಟ್ಟಿದ್ದಾರೆ, ಕೊನೆ ಬದಲಿಸಲಾ? ವಾರವಿಡೀ ಕಾಯಿಸುತ್ತೀಯ ಅಂತ ಬೈತಾ ಇದ್ದಾರೆ, ವಾರಕ್ಕೆ ಎರಡು ಸಲ ಹಾಕಲಾ? ಮುಂದಿನ ಕಂತು ಹೇಗೆ ಶುರು ಮಾಡಲಿ? ಒಂದೊಂದು ಸಾಲಿನಲ್ಲಿ ಹೇಳಿದರೆ ನಿನಗೆ ಉಪಯೋಗ ಆಗಲ್ಲ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹೊಸಬರಿಗಾಗಿ ಕಥೆ ಎಲ್ಲಿ ನಿಂತಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಮೂಡಿಗೆರೆ ಕಡೆಯ ಒಂದು ಎಸ್ಟೇಟ್. ಗೋಡೌನಿನಿಂದ 30 ಚೀಲ ಪಾರ್ಚ್‌ಮೆಂಟ್ ಕಾಫಿ (ಹಣ್ಣಿನ ಸಿಪ್ಪೆ, ತಿರುಳು ತೆಗೆದು ಒಣಗಿಸಿದ, ಒಳಹೊಟ್ಟು ಬಿಡಿಸದ ಬೀಜ) ಕಾಣೆಯಾಗಿದೆ. ಬೀಗ ಒಡೆದಿಲ್ಲ. ಅನುಮಾನ ನಾಲ್ಕು ಜನರ ಮೇಲೆ: ರೈಟರ್ (ಎಸ್ಟೇಟಿನ ಲೆಕ್ಕ ಬರೆಯುವವನು), ಮೇಸ್ತ್ರಿ, ಲಾರಿ ಡ್ರೈವರ್, ಸಾಹುಕಾರರ ಅಳಿಯ. ಈ ಸಲದ ಕಂತಿನಲ್ಲಿ ಜನವರಿ ತಿಂಗಳ ರಾತ್ರಿ, ಅಕಾಲದ ಮಳೆ, ಕರೆಂಟ್ ಇಲ್ಲ. ಪತ್ತೇದಾರ ಒಬ್ಬನೇ ಟಾರ್ಚ್ ಹಿಡಿದು ಗೋಡೌನ್ ಒಳಗೆ ಹೋಗುತ್ತಾನೆ. ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಕೊನೆಯ ಚೌಕದಲ್ಲಿ ಚೀಲದ ಅಟ್ಟಿಯ ಪಕ್ಕ ಒಂದು ಜೊತೆ ಗಮ್‌ಬೂಟು ಮಾತ್ರ. ಮುಖ ಇಲ್ಲ. ಅಲ್ಲಿಗೆ ‘ಮುಂದುವರಿಯುವುದು’.

ಆಮೇಲೆ ಶುರುವಾಯಿತು ನೋಡು ಗಲಾಟೆ. ಬೇಲೂರಿನ ಅಕ್ಕ ಹಳೆಯ ಕಂತು ಹುಡುಕಿ ತೆಗೆದು, ಅದೇ ಬೂಟು ರೈಟರ್ ಕಾಲಲ್ಲಿ ಇತ್ತು ಅಂತ ತೋರಿಸಿದರು. ಅರಸೀಕೆರೆಯ ಅಣ್ಣನಿಗೆ ಸಿಟ್ಟು ಬಂದಿದೆ. ಮುಖ ತೋರಿಸದೆ ನಿಲ್ಲಿಸುವುದು ಓದುಗರಿಗೆ ಮಾಡುವ ಮೋಸ ಅಂತ ಅವರ ವಾದ. ಇನ್ನೊಬ್ಬರು ಪತ್ತೇದಾರನನ್ನು ಸಾಯಿಸಬೇಡ ಅಂತ ಬೇಡಿಕೊಂಡಿದ್ದಾರೆ. ಕೊನೆಗೆ ನಮ್ಮ ಮೇಷ್ಟ್ರು ಒಂದೇ ಸಾಲು ಬರೆದರು: ‘ಹೊರಗೆ ಮಳೆ, ಬೂಟು ಒಣಗಿದೆ.’ ಆ ಸಾಲು ಓದಿ ನಾನು ಕಂತನ್ನು ಮತ್ತೆ ದೊಡ್ಡದು ಮಾಡಿ ನೋಡಿದೆ.

ಮೊದಲನೇ ಪ್ರಶ್ನೆಗೆ ನನ್ನ ಉತ್ತರ: ಬದಲಿಸಬೇಡ. ಖಂಡಿತಾ ಬೇಡ. ಊಹಿಸಿದವರು ನಿನ್ನ ಕಥೆ ಕೆಡಿಸಲಿಲ್ಲ. ನೀನು ಬಿಟ್ಟ ಸುಳಿವನ್ನು ಅವರು ಹಿಡಿದರು, ಅಷ್ಟೇ. ಈಗ ಕಳ್ಳನನ್ನು ಬದಲಿಸಿದರೆ ಹಿಂದೆ ಬರೆದ ಸುಳಿವೆಲ್ಲ ಸುಳ್ಳಾಗುತ್ತದೆ. ಹಳೆಯ ಕಂತು ತೆಗೆದು ನೋಡಿದ ಅಕ್ಕನಂಥ ಓದುಗರಿಗೆ, ಸುಮ್ನೆ ಯಾಕೆ ಅಷ್ಟು ಕಷ್ಟಪಟ್ಟೆ ಅನಿಸುತ್ತದೆ. ಅವರು ಇನ್ನೊಮ್ಮೆ ಹಾಗೆ ಹುಡುಕುವುದಿಲ್ಲ. ಪತ್ತೇದಾರಿ ಕಥೆಗೆ ಅದಕ್ಕಿಂತ ದೊಡ್ಡ ನಷ್ಟ ಬೇರೆ ಇಲ್ಲ.

ಯಾರು ಅಂತ ಗೊತ್ತಾದ ಮೇಲೂ ಓದಿಸಬಹುದು. ಅಮೆರಿಕದ ಪೇಪರುಗಳಲ್ಲಿ ಡಿಕ್ ಟ್ರೇಸಿ ಅನ್ನುವ ಪತ್ತೇದಾರನ ಪಟ್ಟಿ, ಅಂದರೆ ದಿನಕ್ಕೆ ಕೆಲವೇ ಚೌಕದ ಚಿತ್ರಕಥೆ, ಬರುತ್ತಿತ್ತು. ಅದರಲ್ಲಿ ಬಹಳ ಸಲ ಕೇಡಿ ಯಾರು ಅಂತ ಓದುಗರಿಗೆ ಮೊದಲೇ ಗೊತ್ತಿರುತ್ತಿತ್ತು. ಚೆಸ್ಟರ್ ಗೂಲ್ಡ್ ಅದನ್ನು ಶುರು ಮಾಡಿದ್ದು 1931ರ ಅಕ್ಟೋಬರ್‌ನಲ್ಲಿ. 1977ರ ಕೊನೆಯವರೆಗೂ ಅವರೇ ನಡೆಸಿದರು. ಫ್ಲಾಟ್‌ಟಾಪ್ ಅಂತ ಒಬ್ಬ ಬಾಡಿಗೆ ಕೊಲೆಗಾರ ಬರುತ್ತಾನೆ, ತಲೆ ಮೇಲ್ಗಡೆ ಚಪ್ಪಟೆ. ಅವನೇ ಕೇಡಿ ಅಂತ ಎಲ್ಲರಿಗೂ ಗೊತ್ತು. ಆದರೂ ಜನ ದಿನಾ ಪೇಪರ್ ಬಿಡಿಸಿ ಮೊದಲು ಆ ಪಟ್ಟಿ ನೋಡುತ್ತಿದ್ದರು. ಹೇಗೆ ತಪ್ಪಿಸಿಕೊಳ್ಳುತ್ತಾನೆ, ಎಲ್ಲಿ ಸಿಕ್ಕಿಬೀಳುತ್ತಾನೆ ಅನ್ನುವುದೇ ಅವರ ಕುತೂಹಲ. 1944ರಲ್ಲಿ ಅವನು ನೀರಿನಲ್ಲಿ ಮುಳುಗಿ ಸತ್ತಾಗ ಅಭಿಮಾನಿಗಳು ದುಃಖಪಟ್ಟರು. ಕೊಲೆಗಾರನಿಗೆ! ನಿನ್ನ ರೈಟರ್ ಬಗ್ಗೆಯೂ ಜನ ಹಾಗೆ ಮಾತಾಡುವಂತೆ ಆಗಲಿ. ಅವನೇ ಕಳ್ಳ ಆಗಿದ್ದರೆ ಯಾಕೆ ಕದ್ದ, ಹೇಗೆ ಸಾಗಿಸಿದ, ಪತ್ತೇದಾರ ಅದನ್ನು ಹೇಗೆ ರುಜುವಾತು ಮಾಡುತ್ತಾನೆ, ಇಷ್ಟೂ ಬಾಕಿ ಇದೆ. ಕಳ್ಳ ಯಾರು ಅಂತ ನನಗೆ ಮಾತ್ರ ಹೇಳಬೇಡ. ನಾನೂ ಕಾಯುತ್ತಿದ್ದೇನೆ.

ಇನ್ನು ಅರಸೀಕೆರೆ ಅಣ್ಣನ ಮಾತು. ಅವರ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ. ಪತ್ತೇದಾರನ ಕಣ್ಣಿಗೆ ಬಿದ್ದದ್ದೆಲ್ಲ ಓದುಗರ ಕಣ್ಣಿಗೂ ಬೀಳಬೇಕು. ಅವನ ತಲೆಯಲ್ಲಿ ಏನು ಓಡುತ್ತಿದೆ ಅನ್ನುವುದನ್ನು ಮುಚ್ಚಿಡಬಹುದು. ಅವನು ಕಂಡದ್ದನ್ನು ಮುಚ್ಚಿಡಬಾರದು. ಕತ್ತಲಲ್ಲಿ ಅವನಿಗೇ ಮುಖ ಕಾಣದಿದ್ದರೆ ನಮಗೂ ಕಾಣಬೇಕಿಲ್ಲ, ಅದು ಮೋಸ ಅಲ್ಲ. ಆದರೆ ಮುಂದಿನ ಕಂತಿನಲ್ಲಿ ಅವನು ಟಾರ್ಚ್ ಎತ್ತಿ ಮುಖ ನೋಡಿ ‘ಓ, ನೀವಾ!’ ಅಂತ ಹೇಳಿ, ನಮಗೆ ಮಾತ್ರ ಬೆನ್ನು ತೋರಿಸಿದೆ ಅಂದುಕೋ. ಆಗ ಅಣ್ಣನ ಮಾತು ಪೂರ್ತಿ ನಿಜವಾಗುತ್ತದೆ. ಆ ಕೆಲಸ ಮಾಡಬೇಡ.

ಈಗ ಮೇಷ್ಟ್ರ ಸಾಲಿಗೆ ಬರೋಣ. ಈ ಕಂತಿನಲ್ಲಿ ಚಿನ್ನ ಇರುವುದೇ ಅಲ್ಲಿ. ನೀನು ಬೇಕಂತಲೇ ಬೂಟನ್ನು ಒಣದಾಗಿ ಬರೆದೆಯಾ, ಕೈಗೆ ಹಾಗೆ ಬಂತಾ, ಗೊತ್ತಿಲ್ಲ. ಎರಡೂ ಒಂದೇ. ಈಗ ಅದನ್ನು ಬಿಡಬೇಡ.

ಯೋಚಿಸಿ ನೋಡು. ಜನವರಿಯಲ್ಲಿ ಮಳೆ ಹನಿ ಬಿತ್ತು ಅಂದರೆ ಎಸ್ಟೇಟಿನಲ್ಲಿ ಏನಾಗುತ್ತದೆ? ಕಣದಲ್ಲಿ ಕಾಫಿ ಒಣಗಲು ಹರಡಿರುತ್ತದೆ. ಒಣಗಿದ ಕಾಫಿ ನೆನೆದರೆ ಬೂಸ್ಟು, ವಾಸನೆ, ಬೆಲೆ ಹೋಯಿತು. ಕೆಲಸದವರ ಲೈನ್ ಮನೆಯಿಂದ ಹಿಡಿದು ಬಂಗಲೆವರೆಗೆ ಎಲ್ಲರೂ ಟಾರ್ಪಾಲ್ ಎಳೆಯೋಕೆ ಓಡುತ್ತಾರೆ. ಆ ರಾತ್ರಿ ಆ ಎಸ್ಟೇಟಿನಲ್ಲಿ ಒದ್ದೆಯಾಗದ ಕಾಲು ಅಂದರೆ ಕಣಕ್ಕೆ ಬಾರದ ಕಾಲು. ನಿನ್ನ ಎರಡನೇ ಚೌಕದಲ್ಲಿ ದೂರದಲ್ಲಿ ಟಾರ್ಪಾಲ್ ಹಿಡಿದ ಸಣ್ಣ ಸಣ್ಣ ಆಕೃತಿಗಳಿವೆ. ಅದರಲ್ಲಿ ಒಬ್ಬನ ತಲೆಗೆ ಟವಲ್ ಇದೆ. ಮೇಸ್ತ್ರಿ ಪ್ರತಿ ಕಂತಿನಲ್ಲೂ ಟವಲ್ ಸುತ್ತಿಕೊಂಡೇ ಇರುತ್ತಾನೆ. ಅಂದರೆ ಮೇಸ್ತ್ರಿ ಕಣದಲ್ಲಿದ್ದ, ಗೋಡೌನಿನಲ್ಲಿ ಇರಲಿಲ್ಲ. ಎಷ್ಟು ಚೆನ್ನಾಗಿದೆ ಅಲ್ವಾ? ಕಾಫಿ ನಾಡಿನ ಓದುಗರಿಗೆ ಮಾತ್ರ ತಕ್ಷಣ ಹೊಳೆಯುವ ಸುಳಿವು ಇದು. ಬೇರೆ ಊರಿನವರಿಗಾಗಿ ಪತ್ತೇದಾರನ ಬಾಯಲ್ಲಿ ಒಂದೇ ಪ್ರಶ್ನೆ ಕೇಳಿಸು: ‘ಕಾಫಿ ಮುಚ್ಚೋಕೆ ನೀವು ಕಣಕ್ಕೆ ಬರಲಿಲ್ವಾ?’ ಅಷ್ಟು ಸಾಕು, ವಿವರಿಸಬೇಡ.

ಇನ್ನೂ ಒಂದು ವಿಷಯ ಇದೆ, ಅದನ್ನು ಯಾರೂ ಎತ್ತಲಿಲ್ಲ. ಬೂಟು ಒಣಗಿದ್ದರೆ ಆ ಮನುಷ್ಯ ಮಳೆಗೆ ಮೊದಲೇ ಒಳಗೆ ಬಂದು ಕೂತಿದ್ದ. ಅವನು ಅಟ್ಟಿಯ ಪಕ್ಕ ನಿಂತಿದ್ದಾನೆ. ಬಾಗಿಲು ಇರುವುದು ಇನ್ನೊಂದು ತುದಿಯಲ್ಲಿ. ಹಾಗಾದರೆ ಬಾಗಿಲು ಮುಚ್ಚಿದ್ದು ಯಾರು? ಗಾಳಿಯಾದರೆ ಮುಂದಿನ ಕಂತಿನಲ್ಲಿ ಬಾಗಿಲು ಮತ್ತೆ ಹೊಡೆದುಕೊಳ್ಳಬೇಕು. ಚಿಲಕ ಬಿದ್ದಿದ್ದರೆ ಹೊರಗೆ ಇನ್ನೊಬ್ಬ ಇದ್ದಾನೆ. ಎರಡರಲ್ಲಿ ಒಂದನ್ನು ನೀನು ತೋರಿಸಲೇಬೇಕು. ಇಲ್ಲದಿದ್ದರೆ ಬೇಲೂರಿನ ಅಕ್ಕ ಬಿಡುವುದಿಲ್ಲ.

ಕದ್ದ ಚೀಲ ಎಲ್ಲಿ ಬಚ್ಚಿಟ್ಟಿದ್ದಾರೆ ಅನ್ನುವುದಕ್ಕೂ ಒಂದು ಸುಳಿವು ಕೊಡುತ್ತೇನೆ, ಬೇಕಾದರೆ ತಗೋ. ಹದವಾಗಿ ಒಣಗಿದ ಪಾರ್ಚ್‌ಮೆಂಟಿನಲ್ಲಿ ನೂರಕ್ಕೆ ಸುಮಾರು 10 ಭಾಗ ತೇವ ಇರುತ್ತದೆ. ತೇವ ಇರುವ ಜಾಗದಲ್ಲಿ ಇಟ್ಟರೆ ಅದು ತೇವ ಎಳೆದುಕೊಳ್ಳುತ್ತದೆ. 10 ಇದ್ದದ್ದು 12 ಆದರೆ 50 ಕೆ.ಜಿ. ಚೀಲ 51 ಕೆ.ಜಿ. ದಾಟುತ್ತದೆ. ಸಿಕ್ಕಿದ ಚೀಲವನ್ನು ಪತ್ತೇದಾರ ತೂಕಕ್ಕೆ ಹಾಕಲಿ. ಗೋಡೌನಿನ ಪುಸ್ತಕದಲ್ಲಿ 50, ಕಾಟಾದಲ್ಲಿ 51 ಚಿಲ್ಲರೆ. ಅಂದರೆ ಚೀಲ ಇಷ್ಟು ದಿನ ಹಳ್ಳದ ಪಕ್ಕದ ಪಂಪ್ ಮನೆಯಂಥ ಜಾಗದಲ್ಲಿ ಇತ್ತು. ಆ ಪಂಪ್ ಮನೆ ಬೀಗದ ಕೈ ಯಾರ ಹತ್ತಿರ? ಕಥೆ ತಾನಾಗಿ ಮುಂದೆ ಹೋಗುತ್ತದೆ.

ಒಂದು ಎಚ್ಚರಿಕೆ. ಬಲೆ ಬರೆಯುವ ಮೊದಲು ಬಿಡಿಸಿಕೊಳ್ಳುವ ದಾರಿ ಬರೆದಿಟ್ಟುಕೋ. ಗೂಲ್ಡ್ ಕೊನೆ ಏನು ಅಂತ ಮೊದಲೇ ನಿಶ್ಚಯ ಮಾಡಿಕೊಳ್ಳದೆ ಕಥೆ ಬೆಳೆಸುತ್ತಿದ್ದವರು. ಒಮ್ಮೆ ಟ್ರೇಸಿಯನ್ನು ಆಳವಾದ ಗುಂಡಿಯಲ್ಲಿ ಸಿಕ್ಕಿಸಿ, ಮೇಲಿಂದ ಬಂಡೆ ಇಳಿಸಿಬಿಟ್ಟರು. ಹೊರಗೆ ತರುವ ದಾರಿಯೇ ಹೊಳೆಯಲಿಲ್ಲ. ಕೊನೆಗೆ ಟ್ರೇಸಿ ಕಲಾವಿದನನ್ನೇ ಕೂಗಿ ಕರೆಯುವಂತೆ, ಕಲಾವಿದನ ಕೈ ಬಂದು ಬಂಡೆಯನ್ನು ಅಳಿಸುವಂತೆ ಬರೆದರು. ಪತ್ರಿಕೆಯ ಒಡೆಯ ಜೋಸೆಫ್ ಪ್ಯಾಟರ್ಸನ್ ಅದನ್ನು ಒಪ್ಪದೆ ಬೇರೆ ಬರೆಸಿದರು. ಅವರು ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಅಷ್ಟು ದಿನ ಉಸಿರು ಹಿಡಿದು ಕಾದವರಿಗೆ ಅದು ಉತ್ತರ ಅಲ್ಲ. ನಿನ್ನ ಪತ್ತೇದಾರನನ್ನು ಈಗ ಒಳಗೆ ಕೂಡಿ ಹಾಕಿದ್ದೀಯ. ಹೊರಗೆ ಬರುವ ದಾರಿ ಆ ಗೋಡೌನಿನಲ್ಲೇ ಇರಬೇಕು, ಹಿಂದಿನ ಯಾವುದೋ ಚೌಕದಲ್ಲಿ ಕಂಡಿರಬೇಕು. ಮೊದಲನೇ ಕಂತಿನಲ್ಲಿ ಗೋಡೆಯ ಮೇಲ್ಗಡೆ ಗಾಳಿ ಕಿಂಡಿ ಬರೆದಿದ್ದೀಯ, ನೆನಪಿದೆಯಾ?

ವಾರಕ್ಕೆ ಎರಡು ಸಲ ಹಾಕುವುದು ಬೇಡ. ನೀನು ಕಾಲೇಜು ಓದುವ ಹುಡುಗ. ಎರಡು ಸಲ ಅಂತ ಶುರು ಮಾಡಿ ಪರೀಕ್ಷೆ ಸಮಯಕ್ಕೆ ನಿಲ್ಲಿಸಿದರೆ ಓದುಗರು ಚದುರಿಹೋಗುತ್ತಾರೆ. ಭಾನುವಾರ ಬೆಳಿಗ್ಗೆ ಅಂದರೆ ಭಾನುವಾರ ಬೆಳಿಗ್ಗೆಯೇ ಬರಬೇಕು. ಪೇಪರಿಗೆ ಬರೆಯುವವರು ವಾರಗಟ್ಟಲೆ ಮುಂಚೆ ಬರೆದು ಕೊಟ್ಟಿರುತ್ತಿದ್ದರು. ನೀನೂ ಎರಡು ಮೂರು ಕಂತು ಕೈಯಲ್ಲಿ ಇಟ್ಟುಕೊಂಡೇ ಮುಂದಿನದು ಹಾಕು. ಕಾಯುವ ಆರು ದಿನದಲ್ಲಿ ಇಷ್ಟು ಚರ್ಚೆ ಆಯಿತಲ್ಲ. ಕಾಯಿಸದೆ ಹೋಗಿದ್ದರೆ ಮೇಷ್ಟ್ರು ಬೂಟು ನೋಡುತ್ತಲೇ ಇರಲಿಲ್ಲ.

ಮುಂದಿನ ಕಂತಿನ ಮೊದಲ ಚೌಕದ ಬಗ್ಗೆ. ದಿನದ ಪಟ್ಟಿಗಳಲ್ಲಿ ಮೊದಲ ಚೌಕ ಹಿಂದಿನದನ್ನು ನೆನಪಿಸುವುದು ರೂಢಿ. ನಿನ್ನೆ ಪೇಪರ್ ನೋಡದವನಿಗೂ ಅರ್ಥ ಆಗಬೇಕಲ್ಲ. ನಮ್ಮಲ್ಲಿ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತು. ಮುಖವಾಡದ ವೀರ ಫ್ಯಾಂಟಮ್‌ನ ಕಥೆಗಳ ಜೊತೆ ಪತ್ತೇದಾರ ರಿಪ್ ಕರ್ಬಿಯ ಕಥೆಗಳೂ ಇದ್ದವು. ಹಾಸನದಲ್ಲಿ ಹಳೆಯ ಪ್ರತಿ ಇಟ್ಟುಕೊಂಡವರು ಈ ಗುಂಪಿನಲ್ಲೇ ಇದ್ದಾರೆ, ಕೇಳಿ ತೆಗೆದುಕೊಂಡು ನೋಡು. ದಿನದ ಪಟ್ಟಿಗಳನ್ನು ಜೋಡಿಸಿ ಮಾಡಿದ ಪುಸ್ತಕ ಅವು. ಎಲ್ಲಿ ಒಂದು ದಿನ ಮುಗಿದು ಇನ್ನೊಂದು ಶುರುವಾಯಿತು ಅಂತ ಹುಡುಕುತ್ತಾ ಹೋದರೆ ಕಂತು ನಿಲ್ಲಿಸುವ ಜಾಗ ಯಾವುದು ಅಂತ ಕೈಗೆ ಹತ್ತುತ್ತದೆ. ನೀನು ಮಾತ್ರ ಹಳೆಯ ಚೌಕವನ್ನೇ ನಕಲು ಮಾಡಿ ಹಾಕಬೇಡ. ಅದೇ ಗಳಿಗೆಯನ್ನು ಬೂಟಿನವನ ಕಡೆಯಿಂದ ಬರೆ. ಚೀಲಗಳ ಸಂದಿಯಿಂದ ಪತ್ತೇದಾರನ ಬೆನ್ನು, ಅವನ ಹಿಂದೆ ಸಿಮೆಂಟ್ ನೆಲದ ಮೇಲೆ ಒದ್ದೆ ಹೆಜ್ಜೆ. ಒಬ್ಬನದೇ ಹೆಜ್ಜೆ. ಹೊಸಬರಿಗೆ ಕಥೆ ನೆನಪಾಯಿತು, ಹಳಬರಿಗೆ ಹೊಸ ಸುಳಿವೂ ಸಿಕ್ಕಿತು.

ಮುಖಗಳ ವಿಷಯ ಚಿಕ್ಕದಾಗಿ ಹೇಳುತ್ತೇನೆ. ನಿನ್ನ ಡ್ರೈವರ್, ಅಳಿಯ ಇಬ್ಬರೂ ಅಣ್ಣತಮ್ಮಂದಿರ ಥರ ಕಾಣುತ್ತಾರೆ. ಗೂಲ್ಡ್ ಕೇಡಿಗಳಿಗೆ ವಿಚಿತ್ರ ಮುಖ ಕೊಟ್ಟದ್ದರಿಂದ ಎಷ್ಟು ಸಣ್ಣ ಚೌಕದಲ್ಲೂ ಗುರುತು ಸಿಗುತ್ತಿತ್ತು. ಅಷ್ಟು ದೂರ ಹೋಗಬೇಕಿಲ್ಲ, ಹಳೇಬೀಡಿನ ಗುಡಿಯ ಗೋಡೆ ನೋಡಿಕೊಂಡು ಬಾ. ರಾಮಾಯಣ, ಮಹಾಭಾರತ ಪಟ್ಟಿ ಪಟ್ಟಿಯಾಗಿ ಸಾಗುತ್ತದೆ. ಹೆಸರು ಬರೆಯದಿದ್ದರೂ ಕೈಲಾಸ ಎತ್ತುವವನು ರಾವಣ ಅಂತ ತಲೆಗಳಿಂದಲೇ ಗೊತ್ತಾಗುತ್ತದೆ. ಮೇಸ್ತ್ರಿಗೆ ಟವಲ್ ಕೊಟ್ಟ ಹಾಗೆ ಡ್ರೈವರ್‌ಗೊಂದು, ಅಳಿಯನಿಗೊಂದು ಗುರುತು ಕೊಡು. ಕತ್ತಲಲ್ಲಿ ನೆರಳು ನೋಡಿಯೇ ಹೇಳುವಂತೆ ಇರಲಿ.

ಮಾತುಗಳನ್ನು ಇನ್ನೂ ಚಿಕ್ಕದು ಮಾಡು. ನಮ್ಮ ಚಿಕ್ಕಮಗಳೂರಿನಲ್ಲೇ ಹುಟ್ಟಿದ ಎನ್. ನರಸಿಂಹಯ್ಯನವರು ಹೆಚ್ಚು ಓದಿದವರಲ್ಲ. ಆದರೂ ನೂರಾರು ಪತ್ತೇದಾರಿ ಕಾದಂಬರಿ ಬರೆದು ಎಷ್ಟೋ ಜನಕ್ಕೆ ಕನ್ನಡ ಓದುವ ರುಚಿ ಹತ್ತಿಸಿದರು. ಸರಳವಾಗಿ ಬರೆದದ್ದೇ ಅದಕ್ಕೆ ದೊಡ್ಡ ಕಾರಣ. ನಿನ್ನ ಮೂರನೇ ಚೌಕದಲ್ಲಿ ಪತ್ತೇದಾರ ಕತ್ತಲೆ ಬಗ್ಗೆ ನಾಲ್ಕು ಸಾಲು ಮಾತಾಡುತ್ತಾನೆ. ಕತ್ತಲೆಯನ್ನು ನೀನು ಬರೆದೇ ತೋರಿಸಿದ್ದೀಯ, ಚೆನ್ನಾಗಿಯೂ ಬಂದಿದೆ. ಮಾತು ತೆಗೆದುಬಿಡು.

ಕೊನೆಯದಾಗಿ, ಅಕ್ಷರದ ಗಾತ್ರ. ಜಾಸ್ತಿ ಜನ ನೋಡುವುದು ಮೊಬೈಲಿನಲ್ಲಿ. ಆರು ಚೌಕ ಒಂದೇ ಚಿತ್ರದಲ್ಲಿ ಹಾಕಿದರೆ ಒತ್ತಕ್ಷರ ಕಾಣುವುದಿಲ್ಲ. ಎರಡೆರಡು ಚೌಕದ ಮೂರು ಚಿತ್ರ ಮಾಡಿ ಹಾಕು. ಆಗ ಕೊನೆಯ ಚೌಕ ಮೊದಲೇ ಕಣ್ಣಿಗೆ ಬೀಳುವುದೂ ತಪ್ಪುತ್ತದೆ. ಮುಂದಿನ ಕಂತಿನ ಪೆನ್ಸಿಲ್ ಗೆರೆ ಆದ ಮೇಲೆ ಬೇಕಿದ್ದರೆ ಬಾಗಿಲಿನ ಚೌಕ ಒಂದನ್ನು ಮಾತ್ರ ನನಗೆ ಕಳಿಸು. ಚಿಲಕ ಯಾವ ಕಡೆ ಇದೆ ಅಂತ ಹಿಂದಿನ ಕಂತಿನ ಜೊತೆ ಇಟ್ಟು ನೋಡಿ ಹೇಳುತ್ತೇನೆ.