ತಾಯಿಯ ಉದ್ಯೋಗ: ಒಂದು ಆಪ್ತಸಲಹೆ ಪ್ರಕರಣ

ಇಲ್ಲಿ ಗಿರಿಜಮ್ಮ ಎಂದು ಕರೆದಿರುವ ಮಹಿಳೆಯ ಒಪ್ಪಿಗೆ ಪಡೆದು, ಊರು, ವಯಸ್ಸು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆದಿದ್ದೇನೆ. ಬಯಲುಸೀಮೆಯ ಒಂದು ಹಳ್ಳಿಯಲ್ಲಿ 23 ವರ್ಷಗಳಿಂದ ಅಂಗನವಾಡಿ ಕಾರ್ಯಕರ್ತೆಯಾಗಿರುವ ಅವರನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯರು ನನ್ನ ಬಳಿಗೆ ಕಳುಹಿಸಿದ್ದರು. ನಾಲ್ಕು ತಿಂಗಳಿನಿಂದ ನಿದ್ದೆ ಸರಿಯಿರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ತಲೆನೋವು ಶುರುವಾಗುತ್ತಿತ್ತು, ಸಣ್ಣ ಮಾತಿಗೂ ಕಣ್ಣು ತುಂಬುತ್ತಿತ್ತು. ರಕ್ತಪರೀಕ್ಷೆಗಳಲ್ಲಿ ದೋಷವೇನೂ ಕಂಡಿರಲಿಲ್ಲ. ಚೀಟಿಯಲ್ಲಿ ‘ಕೆಲಸದ ಒತ್ತಡ’ ಎಂದು ಬರೆದಿತ್ತು.

ಆ ಚೀಟಿಯನ್ನು ನಾನು ನಂಬಿದೆ. ಮಕ್ಕಳ ತೂಕ ಮತ್ತು ಎತ್ತರ ಅಳೆಯುವುದು, ಅದನ್ನು ಪೋಷಣ್ ಟ್ರ್ಯಾಕರ್ ಆ್ಯಪಿಗೆ ಏರಿಸುವುದು, ಗರ್ಭಿಣಿಯರು ಮತ್ತು ಬಾಣಂತಿಯರ ಆಹಾರದ ಲೆಕ್ಕ, ಮತದಾರರ ಪಟ್ಟಿಯ ಕೆಲಸ, ಇವೆಲ್ಲದರ ನಡುವೆ ಮೂರರಿಂದ ಆರು ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ: ಇಷ್ಟು ಹೊರೆಯಿದ್ದರೆ ನಿದ್ದೆ ಕೆಡುವುದು ಸಹಜವೆಂದುಕೊಂಡು ಉಸಿರಾಟದ ಅಭ್ಯಾಸ ಹೇಳಿಕೊಟ್ಟು, ಮಲಗುವ ಸಮಯವನ್ನು ಗೊತ್ತುಪಡಿಸಿ ಕಳುಹಿಸಿದೆ. ಜೀವ ಬೇಡವೆನಿಸುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದ್ದೆ, ಇಲ್ಲ ಎಂದಿದ್ದರು. ಆದರೂ ಅಂಥ ರಾತ್ರಿ ಬಂದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ. ಎರಡನೆಯ ಭೇಟಿಗೆ ಬಂದವರು, ಅಭ್ಯಾಸ ಮಾಡಿದೆ ಎಂದು ವಿನಯದಿಂದ ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೆಲಸ ಜಾಸ್ತಿ ಅಂತ ನಾನೆಲ್ಲಿ ಹೇಳ್ದೆ ಮೇಡಂ? ಕೆಲಸ ನನಗೆ ಯಾವತ್ತೂ ಬೇಜಾರಿಲ್ಲ” ಎಂದರು.

ವಿಷಯ ಹೊರಬಂದದ್ದು ಆಮೇಲೆ. ಪದವಿ ಓದುತ್ತಿರುವ ಮಗ ರಜೆಗೆ ಬಂದಿದ್ದಾಗ ಅವನ ಚೀಲದಲ್ಲಿ ವಿದ್ಯಾರ್ಥಿವೇತನದ ಅರ್ಜಿಯ ನಕಲೊಂದು ಅವರ ಕೈಗೆ ಸಿಕ್ಕಿತ್ತು. ‘ತಾಯಿಯ ಉದ್ಯೋಗ’ ಎಂಬುದರ ಎದುರಿಗೆ ಅವನು ‘ಗೃಹಿಣಿ’ ಎಂದು ಗುರುತು ಹಾಕಿದ್ದ. ಅವನ ಶುಲ್ಕಕ್ಕೆ ಹೋಗುವ ಹಣದಲ್ಲಿ ಹೆಚ್ಚಿನ ಪಾಲು ಅವರದೇ. ಅವರು ಯಾರಿಗೂ ಏನೂ ಹೇಳದೆ ಕಾಗದವನ್ನು ಇದ್ದ ಹಾಗೆಯೇ ಮಡಚಿಟ್ಟರು. ಕೆಲವೇ ದಿನಗಳಲ್ಲಿ ಆಗಸ್ಟ್ 15 ಬಂತು. ಊರ ಶಾಲೆಯ ಧ್ವಜಾರೋಹಣದಲ್ಲಿ ಶಿಕ್ಷಕರಿಗೆಲ್ಲ ವೇದಿಕೆಯ ಮೇಲೆ ಕುರ್ಚಿ ಹಾಕಿದ್ದರು, ಇವರು ಅಡುಗೆಯವರ ಜೊತೆ ಮಕ್ಕಳಿಗೆ ಸಿಹಿ ಹಂಚುವುದಕ್ಕೆ ನಿಂತರು. ಪ್ರತಿ ವರ್ಷವೂ ಹಾಗೆಯೇ ನಿಲ್ಲುತ್ತಿದ್ದರು. ಈ ಸಲ ಮಾತ್ರ ಕಾಲು ನಡುಗಿತಂತೆ.

ಮನೆಯವರ ಪ್ರಕಾರ ಇದು ಕೀಳರಿಮೆ. ಪತಿ, “ಅಷ್ಟಕ್ಕೆಲ್ಲ ಮನಸ್ಸಿಗೆ ಹಚ್ಕೋಬಾರ್ದು” ಎಂದು ಸಮಾಧಾನ ಮಾಡಿದ್ದರು. ನಾನೂ ಆತ್ಮವಿಶ್ವಾಸ ಬೆಳೆಸುವ ದಾರಿ ಹಿಡಿಯುವುದರಲ್ಲಿದ್ದೆ. ಆದರೆ ಗಿರಿಜಮ್ಮನವರಿಗೆ ತಮ್ಮ ಕೆಲಸದ ಬಗ್ಗೆ ಅನುಮಾನವೇ ಇರಲಿಲ್ಲ ಎಂಬುದು ಒಂದು ಪ್ರಸಂಗದಿಂದ ತಿಳಿಯಿತು. ವೃತ್ತದಲ್ಲಿ ನಿಂತು ಹಾಡಿಗೆ ಚಪ್ಪಾಳೆ ತಟ್ಟುವಾಗ ಒಂದು ಮಗು ಯಾವಾಗಲೂ ಒಂದು ತಾಳ ಹಿಂದೆ ಬೀಳುತ್ತಿತ್ತು. ತಟ್ಟುವ ಮುಂಚೆ ಪಕ್ಕದ ಮಗುವಿನ ಕೈ ನೋಡುತ್ತಿತ್ತು. ಬುದ್ಧಿ ಸ್ವಲ್ಪ ಮಂದ ಎಂದು ಹೆತ್ತವರು ಒಪ್ಪಿಕೊಂಡುಬಿಟ್ಟಿದ್ದ ಆ ಮಗುವನ್ನು ಇವರು ಹಿಂದಿನಿಂದ ಹೆಸರು ಹಿಡಿದು ಕರೆದು ನೋಡಿ, ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬಂದಾಗ ತೋರಿಸಿ, ಕಿವಿಯ ದೋಷವೆಂದು ಖಚಿತಪಡಿಸಿಕೊಂಡಿದ್ದರು. ನಾನು ಅಲ್ಲಿದ್ದಿದ್ದರೆ ಗಮನಿಸುತ್ತಿರಲಿಲ್ಲ. “ಅದು ನಿಮಗೆ ಹೇಗೆ ಹೊಳೆಯಿತು?” ಎಂದು ಕೇಳಿದಾಗ ಅವರು, “ಹೊಳೆಯೋದೇನು ಮೇಡಂ, ಅದೇ ತಾನೆ ನಮ್ಮ ಕೆಲಸ” ಎಂದರು. ಈ ಉತ್ತರ ಕೊಡುವವರಿಗೆ ಆತ್ಮವಿಶ್ವಾಸದ ಪಾಠ ಹೇಳುವುದು ನನ್ನ ದಡ್ಡತನವಾಗುತ್ತಿತ್ತು. ಕೆಲಸ ಬಲ್ಲವರಿಗೆ ಆ ಕೆಲಸದ ಹೆಸರು ಸಿಗದಿದ್ದಾಗ ಆಗುವ ನೋವು ಬೇರೆ, ಕೀಳರಿಮೆ ಬೇರೆ.

ಮೂರನೆಯ ಭೇಟಿಗೆ ಅವರ ಒಪ್ಪಿಗೆಯಿಂದಲೇ ಮಗನನ್ನೂ ಕರೆಸಿದೆ. ಗದರಬೇಡಿ, ಕಾಗದ ನೋಡಿದೆ, ನೋವಾಯಿತು ಎಂಬ ಎರಡೇ ಮಾತು ಹೇಳಿ ಅವನ ಉತ್ತರಕ್ಕೆ ಕಾಯಿರಿ ಎಂದು ಮೊದಲೇ ಸೂಚಿಸಿದ್ದೆ. ಹುಡುಗ ತಲೆತಗ್ಗಿಸಿ, “ಅಮ್ಮ, ಅದರಲ್ಲಿ ಸರ್ಕಾರಿ, ಖಾಸಗಿ, ಕೃಷಿ, ಕೂಲಿ, ಗೃಹಿಣಿ ಅಂತ ಇತ್ತು. ನೀನು ಯಾವುದಕ್ಕೆ ಬರ್ತೀಯ ಅಂತ ಗೊತ್ತಾಗ್ಲಿಲ್ಲ” ಎಂದ. ಅದು ಪೂರ್ತಿ ನಿಜವಲ್ಲ. ಹಾಸ್ಟೆಲಿನ ಗೆಳೆಯರ ಎದುರು ಹೇಳಿಕೊಳ್ಳಲು ಸಂಕೋಚವೂ ಇತ್ತೆಂದು ಆಮೇಲೆ ಒಪ್ಪಿಕೊಂಡ. ಆದರೂ ಅವನ ಮೊದಲ ಮಾತನ್ನು ನೆಪವೆಂದು ತಳ್ಳಿಹಾಕುವಂತಿರಲಿಲ್ಲ, ಏಕೆಂದರೆ ಗುರುತು ಹಾಕಲು ಅರ್ಜಿಯಲ್ಲಿ ಅವನಿಗೆ ಸಿಗದ ಆ ಚೌಕ ನ್ಯಾಯಾಲಯಗಳಿಗೂ ಸುಲಭವಾಗಿ ಸಿಕ್ಕಿಲ್ಲ.

ನಾನು ವಕೀಲೆಯಲ್ಲ, ಹಾಗಾಗಿ ತಾಯಿ ಮಗ ಇಬ್ಬರಿಗೂ ತಿಳಿದಷ್ಟನ್ನೇ ಹೇಳಿದೆ. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗಿನಿಂದ ಕಾರ್ಯಕರ್ತೆಯರನ್ನು ಗೌರವ ಸೇವೆಯವರೆಂದು ಪರಿಗಣಿಸಲಾಗಿದ್ದು, ಅವರಿಗೆ ಬರುವುದು ವೇತನವಲ್ಲ, ಗೌರವಧನ. ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರದ ಸಿವಿಲ್ ಹುದ್ದೆ ಹೊಂದಿದವರಲ್ಲ, ಅಂದರೆ ಸರ್ಕಾರಿ ನೌಕರರಲ್ಲ ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ತೀರ್ಮಾನಿಸಿದ್ದು ಕರ್ನಾಟಕದ್ದೇ ಪ್ರಕರಣದಲ್ಲಿ. ಅದೇ ಕೋರ್ಟು 2022ರ ಏಪ್ರಿಲ್‌ನಲ್ಲಿ, ಗುಜರಾತಿನಿಂದ ಬಂದ ಪ್ರಕರಣದಲ್ಲಿ, ಕಾರ್ಯಕರ್ತೆಯರೂ ಸಹಾಯಕಿಯರೂ ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಿಗಬೇಕಾದ ಇಡಿಗಂಟಿಗೆ ಸಂಬಂಧಿಸಿದ 1972ರ ಗ್ರಾಚ್ಯುಟಿ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆಂದೂ, ಗೌರವಧನವೆಂದು ಕರೆದರೂ ಅದು ಆ ಕಾಯ್ದೆಯ ಅರ್ಥದಲ್ಲಿ ವೇತನವೇ ಎಂದೂ ಹೇಳಿತು. ಗ್ರಾಚ್ಯುಟಿಯನ್ನು ಯಾರೋ ದಯೆಯಿಂದ ಕೊಡುವ ಹಣವೆಂದು ಗಿರಿಜಮ್ಮ ತಿಳಿದಿದ್ದರು.

ವೇದಿಕೆಯ ಕುರ್ಚಿಯ ವಿಷಯಕ್ಕೆ ಮತ್ತೊಂದು ಸಂಗತಿ ಹೇಳಿದೆ. ಅವರು ತಮ್ಮನ್ನು ಹೋಲಿಸಿಕೊಳ್ಳುತ್ತಿದ್ದ ಶಿಕ್ಷಕರೂ ಒಮ್ಮೆ ಇದೇ ಕಾಯ್ದೆಯ ಹೊರಗೆ ಬಿದ್ದವರೇ. ಆ ಕಾಯ್ದೆ ‘ನೌಕರ’ ಎಂಬುದಕ್ಕೆ ಕುಶಲ, ಅರೆಕುಶಲ, ಅಕುಶಲ, ತಾಂತ್ರಿಕ, ಗುಮಾಸ್ತಿಕೆ ಎಂದು ಕೆಲಸದ ಬಗೆಗಳನ್ನು ಪಟ್ಟಿ ಮಾಡಿತ್ತು. ಪಾಠ ಹೇಳುವುದು ಇವುಗಳಲ್ಲಿ ಯಾವುದಕ್ಕೂ ಸೇರದು ಎಂದು 2004ರಲ್ಲಿ ತೀರ್ಪು ಬಂತು. ಸಂಸತ್ತು 2009ರಲ್ಲಿ ಕಾಯ್ದೆಯನ್ನು ತಿದ್ದಿ, 1997ರ ಏಪ್ರಿಲ್ 3ರಿಂದ ಅನ್ವಯವಾಗುವಂತೆ ಶಿಕ್ಷಕರನ್ನು ಒಳಗೆ ತಂದಿತು. ಇದನ್ನು ಕೇಳಿ ಗಿರಿಜಮ್ಮ ಮೊದಲ ಬಾರಿಗೆ ನಕ್ಕರು. “ಹೆಡ್‌ಮಾಸ್ಟರಿಗೂ ಚೌಕ ಇರಲಿಲ್ವಾ!”

ಸಲಹೆಯೆಂದು ನಾನು ಕೊಟ್ಟದ್ದು ಹೆಚ್ಚಿಲ್ಲ. ಇಲಾಖೆಗೆ ತೋರಿಸಲಿಕ್ಕಲ್ಲದೆ, ತಮಗಾಗಿಯೇ ಒಂದು ನೋಟ್‌ಪುಸ್ತಕ ಇಟ್ಟು, ದಿನಕ್ಕೆ ಒಂದು ಮಗುವಿನಲ್ಲಿ ಏನು ಗಮನಿಸಿದೆ, ಅದಕ್ಕೆ ಏನು ಮಾಡಿದೆ ಎಂದು ನಾಲ್ಕು ಸಾಲು ಬರೆಯಬೇಕು. ಆ್ಯಪಿನಲ್ಲಿ ಮಗುವಿನ ತೂಕಕ್ಕೆ ಜಾಗವಿದೆ, ಚಪ್ಪಾಳೆ ತಡವಾದದ್ದಕ್ಕೆ ಜಾಗವಿಲ್ಲ. ಸೇವಾ ದಾಖಲೆಗಳ ಪ್ರತಿ ತೆಗೆದಿಟ್ಟುಕೊಂಡು ಗ್ರಾಚ್ಯುಟಿ ಬಗ್ಗೆ ಸಂಘದ ಮುಖಂಡರನ್ನು ಕೇಳಬೇಕು. ದ್ವಿತೀಯ ಪಿಯುಸಿ ಮುಗಿಸಿರುವ ಕಾರ್ಯಕರ್ತೆಯರಿಗೆ ಆರು ತಿಂಗಳ ಪ್ರಮಾಣಪತ್ರ ತರಬೇತಿಯನ್ನೂ, ಅಷ್ಟು ಓದಿರದವರಿಗೆ ಒಂದು ವರ್ಷದ ಡಿಪ್ಲೊಮಾವನ್ನೂ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಎಸ್ಸೆಸ್ಸೆಲ್ಸಿ ಓದಿರುವ ಗಿರಿಜಮ್ಮ ಅಂಥ ತರಬೇತಿಯ ಬಗ್ಗೆ ಮೇಲ್ವಿಚಾರಕಿಯವರನ್ನು ಬರವಣಿಗೆಯಲ್ಲಿ ವಿಚಾರಿಸಬೇಕು. ಕುರ್ಚಿಯ ಮಾತನ್ನು ಮುಂದಿನ ಆಗಸ್ಟಿನವರೆಗೆ ಹೊಟ್ಟೆಯೊಳಗೆ ಇಟ್ಟುಕೊಳ್ಳದೆ, ಶಾಲೆಯ ಮುಖ್ಯಶಿಕ್ಷಕರಿಗೆ ಈಗಲೇ ಹೇಳಬೇಕು. ಈ ಕೊನೆಯದಕ್ಕೆ ಅವರು ಒಪ್ಪಲಿಲ್ಲ. ಕೇಳಿ ಪಡೆದ ಕುರ್ಚಿಯಲ್ಲಿ ಕೂರಲಾರೆ ಎಂದರು. ನಾನು ಒತ್ತಾಯಿಸಲಿಲ್ಲ, ಆದರೆ ಅವರ ನಿರ್ಧಾರ ಸರಿಯೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ಎಂಟು ತಿಂಗಳ ನಂತರದ ಭೇಟಿಯಲ್ಲಿ ನಿದ್ದೆ ಬಹುಮಟ್ಟಿಗೆ ಸರಿಹೋಗಿತ್ತು. ಸುತ್ತಲಿನ ಅಂಗನವಾಡಿಗಳ ಕಾರ್ಯಕರ್ತೆಯರು ಸೇರುವ ವೃತ್ತ ಸಭೆಗಳ ದಿನ ಮಾತ್ರ ತಲೆನೋವು ಬರುತ್ತಿತ್ತು. ನೋಟ್‌ಪುಸ್ತಕ ಎರಡನೆಯದಕ್ಕೆ ಬಂದಿತ್ತು. ಈ ಸಲ ಅರ್ಜಿ ತುಂಬುವಾಗ ಮಗ ಫೋನ್ ಮಾಡಿ, ‘ಇತರೆ’ ಎಂದು ಹಾಕಿ ಪಕ್ಕದಲ್ಲಿ ಶಿಕ್ಷಕಿ ಎಂದು ಬರೆಯಲೇ ಎಂದು ಕೇಳಿದನಂತೆ. ಆದಾಯ ಪ್ರಮಾಣಪತ್ರಕ್ಕೂ ಅರ್ಜಿಗೂ ತಾಳೆಯಾಗದಿದ್ದರೆ ವಿದ್ಯಾರ್ಥಿವೇತನ ತಪ್ಪೀತು, ಅಂಗನವಾಡಿ ಕಾರ್ಯಕರ್ತೆ ಎಂದೇ ಬರೆ, ಒತ್ತು ದೀರ್ಘ ತಪ್ಪಿಸಬೇಡ ಎಂದು ಅವರು ಹೇಳಿದರಂತೆ.